ಸೀಸದೊಳಗೊಂದು ಕೈ

ಸುಲ್ತಾನ್‌ಪೇಟೆಯ ಆ ಪ್ರೆಸ್ಸಿನಲ್ಲಿ ಇಂಗ್ಲಿಷಿಗೆ ಎರಡೇ ಮುಖ.
ಒಂದು ಬೋಳು ಅಕ್ಷರ: ಹರಾಜು, ಜಪ್ತಿ, ಮನೆ ಬಾಡಿಗೆಗಿದೆ.
ಇನ್ನೊಂದಕ್ಕೆ ಕಂಪನಿಯವರು ಇಟ್ಟ ಹೆಸರನ್ನು
ಪೆಟ್ಟಿಗೆಯ ಚೀಟಿಯ ಸಮೇತ ಇಲಿ ತಿಂದಿತ್ತು.
ಸಣ್ಣ ಈಯ ಕಣ್ಣು ವಾರೆಯಾಗಿದ್ದುದಕ್ಕೆ
ಆರೋಗ್ಯಸ್ವಾಮಿ ಮೇಸ್ತ್ರಿ ಅವಳನ್ನು
ಓರೆಗಣ್ಣಿ ಎಂದು ಕರೆಯುತ್ತಿದ್ದರು.

ಮೊಳೆ ಬಿಡಿಸುವ ಕೆಲಸಕ್ಕೆ ನಾನು ಸೇರಿದ ಮೂರನೇ ದಿನ
ಅಚ್ಚಾದ ಹಾಳೆಯ ಮೇಲೆ ಭೂತಗನ್ನಡಿ ಇಟ್ಟರು.
"ನೋಡು ಮುನಿಲಕ್ಷ್ಮಿ, ಈ ಓ ನೆಟ್ಟಗೆ ನಿಂತಿಲ್ಲ.
ಹಿಂದಕ್ಕೆ ಕೈ ಊರಿ ಕೂತ ಬಾಣಂತಿ ಥರ
ಭಾರವೆಲ್ಲ ಒಂದು ಪಕ್ಕಕ್ಕೆ ಬಿಟ್ಟಿದೆ.
ಅಗಲ ಬಾಯಿನ ಲೆಕ್ಕಣಿಕೆ ಓರೆ ಹಿಡಿದು
ಯಾವನೋ ಪುಣ್ಯಾತ್ಮ ಎಳೆದ ಗೆರೆ.
ಇಳಿಯುವಾಗ ದಪ್ಪ, ಹೊರಳುವಾಗ ಸಪೂರ.
ಅವನು ಸತ್ತು ಎಷ್ಟು ಕಾಲವಾಯಿತೋ,
ಕೈ ಮಾತ್ರ ಸೀಸದೊಳಗೆ ಬಿಟ್ಟುಹೋಗಿದ್ದಾನೆ."

ನನಗೆ ಗೊತ್ತಿದ್ದುದು ನಮ್ಮ ತಲೆಕಟ್ಟು, ಕೊಂಬು, ಒತ್ತು.
ಗರಿ ಸೀಳದಿರಲೆಂದು ಕಂಟದ ಮೊನೆ ಸುತ್ತಿ ಸುತ್ತಿ
ದುಂಡಗಾದವಂತೆ ನಮ್ಮವು, ಹೇಳುತ್ತಿದ್ದರು.
ಅದಕ್ಕೆ ಎಲೆಯ ಅಂಜಿಕೆ, ಇದಕ್ಕೆ ಮಸಿಯ ಅವಸರ.
ಆದರೂ ಪ್ರತಿ ಕಾಲಿನ ಬುಡಕ್ಕೆ ಒಂದು ಪುಟ್ಟ ಪಾದ,
ಹೊಸಿಲ ಬಳಿ ಚಪ್ಪಲಿ ಬಿಡುತ್ತ ಗಳಿಗೆ ನಿಂತವರ ಪಾದ.

ಎಲ್ಲಕ್ಕೂ ಒಗ್ಗುವವಳಲ್ಲ ಓರೆಗಣ್ಣಿ.
ಚಿಕ್ಕಪೇಟೆಯ ಜರಿ ಅಂಗಡಿಯ ಬೆಲೆಪಟ್ಟಿ ಹಾಕಿದೆವು ಒಮ್ಮೆ.
ಅವಳ ಅಂಕಿಗಳಿಗೆ ಸಾಲಿನಲ್ಲಿ ನಿಂತು ಅಭ್ಯಾಸವಿಲ್ಲ:
ಆರು, ಎಂಟು ಅಟ್ಟಕ್ಕೆ ಕೈ ಚಾಚಿದರೆ
ಮೂರು, ಏಳು, ಒಂಬತ್ತು
ಬಾವಿಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತವೆ.
ಗುಮಾಸ್ತ ಕಟ್ಟನ್ನು ಮೇಜಿನ ಮೇಲೆ ಎಸೆದ:
"ಕೂಡೋಕೆ ಹೋದ್ರೆ ಕಣ್ಣು ಎಡವುತ್ತೆ, ಸ್ವಾಮಿ."
ಚುನಾವಣೆಗೆ ನಿಂತವನು ಬಂದು ಗೋಡೆಯಗಲ ಕೇಳಿದ.
ಮೇಸ್ತ್ರಿ ಕನ್ನಡಕ ತೆಗೆದು ಒರೆಸಿ
"ಇವಳಿಗೆ ಕೂಗೋಕೆ ಬರಲ್ಲ" ಅಂದರು.
ಆರ್ಡರು ಎದುರು ಬೀದಿಗೆ ಹೋಯಿತು.
ಮಾಲೀಕರು ಎರಡು ದಿನ ಮಾತು ಬಿಟ್ಟರು.

ಆಮೇಲೆ ಕುಕ್‌ಟೌನಿನ ಪೆರೇರಾ ಟೀಚರು ಬಂದರು,
ಹಿತ್ತಲಲ್ಲಿ ಜೇನು ಸಾಕಿದ ಮೂವತ್ತು ವರ್ಷವನ್ನು
ಇನ್ನೂರು ಪುಟ ಬರೆದುಕೊಂಡು.
ಪೊರೆ ಬಂದ ಕಣ್ಣು. ಕರಡನ್ನು ಒಂದೇ ರಾತ್ರಿ ಓದಿದರಂತೆ.
"ಅಕ್ಷರ ಕಾಣಲೇ ಇಲ್ಲ ಸ್ವಾಮಿ, ಬರೀ ಜೇನು ಕಂಡಿತು."
ಮೇಸ್ತ್ರಿ ಆ ದಿನ ನಮಗೆಲ್ಲ ಬನ್ನು, ಟೀ ಕೊಡಿಸಿದರು.
ನಾನು? ಆ ಇನ್ನೂರು ಪುಟವನ್ನು
ತಲೆಕೆಳಗು ಹಿಡಿದು ಒಂದೊಂದೇ ಮೊಳೆ ಕಿತ್ತವಳು,
ಪ್ರತಿ ಅಕ್ಷರದ ಬೆನ್ನು ಬಲ್ಲವಳು.
ಒಂದು ಜೇನೂ ನನಗೆ ಕಂಡಿರಲಿಲ್ಲ.

ಪ್ರೆಸ್ಸು ಮುಚ್ಚಿದಾಗ ಎಲ್ಲ ಜಾಲಿ ಮೊಹಲ್ಲಾಗೆ ಹೋಯಿತು.
ಬೋಳು ಅಕ್ಷರಕ್ಕೂ ಓರೆಗಣ್ಣಿಗೂ ಅಲ್ಲಿ ಒಂದೇ ತಕ್ಕಡಿ.
ಮೇಸ್ತ್ರಿ ಸೀಮೆಎಣ್ಣೆ, ಮರದ ಹೊಟ್ಟು ಹಾಕಿ ಬೆರಳು ತಿಕ್ಕಿದರು,
ತಿಕ್ಕುತ್ತಲೇ ಇದ್ದರು.
ನಾನೊಂದು ಸಣ್ಣ ಈ ಕದ್ದೆ. ಎಲ್ಲಿಟ್ಟೆನೋ.

ಈಗ ಮಾಗಡಿ ರೋಡ್ ಮೆಟ್ರೊದಲ್ಲಿ ನೆಲ ಒರೆಸುತ್ತೇನೆ, ಮುಂಜಾವದ ಪಾಳಿ.
ಫಲಕಗಳ ಅಕ್ಷರವೆಲ್ಲ ಒಂದೇ ದಪ್ಪ.
ಓಡುವವರಿಗೆ ದೂರದಿಂದ ಕಾಣಬೇಕು, ತಪ್ಪೇನಿಲ್ಲ.
ಮೊದಲ ರೈಲಿಗೆ ಇನ್ನೂ ಹತ್ತು ನಿಮಿಷ ಇದ್ದಾಗ
ಅಗಲದ ಮಾಪನ್ನು ಓರೆ ಹಿಡಿದು
ಕಂಬದಿಂದ ಕಂಬಕ್ಕೆ ಒಮ್ಮೆ ಎಳೆಯುತ್ತೇನೆ:
ಇಳಿಯುವಾಗ ದಪ್ಪ,
ಹೊರಳುವಾಗ
ಸಪೂರ.
ಗ್ರಾನೈಟಿನ ಮೇಲೆ ಒಂದು ದೊಡ್ಡ ಒದ್ದೆ ಓ,
ಹಿಂದಕ್ಕೆ ಕೈ ಊರಿ ಕೂತಿದೆ.

"ಮೂಲೆ ಬಿಟ್ಟಿದೀರಿ, ಮುನಿಲಕ್ಷ್ಮಮ್ಮ"
ಅನ್ನುತ್ತಾನೆ ಸೂಪರ್‌ವೈಸರ್ ಹುಡುಗ.
ಹೌದಪ್ಪ, ಅಂದು ಬಕೆಟ್ಟು ಎತ್ತಿಕೊಳ್ಳುತ್ತೇನೆ.